ಚೆಂಡಿನ ವೇಗ ತೂಗಿದ ಮಾಮಾ

ನಮ್ಮ ಮಾಮಾ ತಮ್ಮ ಜೀವಮಾನದಲ್ಲಿ ಒಂದೇ ಒಂದು ಗಾಲ್ಫ್ ಚೆಂಡನ್ನು ಹೊಡೆದವರಲ್ಲ. ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡವರೂ ಅಲ್ಲ. ಆದರೂ ಜಮಖಂಡಿ, ಮುಧೋಳ, ಬನಹಟ್ಟಿಗಳಲ್ಲಿ ಆ ಆಟದ ಬಗ್ಗೆ ಜಗಳ ಹುಟ್ಟಿದರೆ ತೀರ್ಪು ಹೇಳತಕ್ಕವರು ಅವರೇ! ಜಗಳ ಹುಟ್ಟುವುದು ಒಟ್ಟು ಇಬ್ಬರ ನಡುವೆ ಮಾತ್ರ, ಏಕೆಂದರೆ ನಾನು ಬಲ್ಲಂತೆ ಈ ಸೀಮೆಯಲ್ಲಿ ಗಾಲ್ಫ್ ಆಡುವವರೇ ಇಬ್ಬರು. ಈ ಅಂಶವನ್ನು ಮಾಮಾ ಯಾರಿಗೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಅದೂ ಸಿಟ್ಟಿನಿಂದ ಹೇಳುತ್ತೇನೆ. ಎರಡು ತಿಂಗಳು ತನ್ನ ಹಿತ್ತಲನ್ನು ಕಳೆದುಕೊಂಡವಳಿಗೆ ಅಷ್ಟು ಹಕ್ಕೂ ಇಲ್ಲವೇ?

ಮಾಮಾ ಎಂದರೆ ನನ್ನ ತಾಯಿಯ ಕಿರಿಯ ತಮ್ಮ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ ಮೂವತ್ತು ವರ್ಷ ಕುಳಿತವರು. ನಮ್ಮ ಕಡೆಯ ರೈತರ ಪದ್ಧತಿ ನಿಮಗೆ ತಿಳಿದಿರಬಹುದು. ಅವರು ಕಬ್ಬು ಹೇರಿದ ಟ್ರ್ಯಾಕ್ಟರನ್ನು ಮೊದಲು ಹೊರಗಿನ ಖಾಸಗಿ ಕಾಟಾದಲ್ಲಿ ತೂಗಿಸಿ, ಆ ಚೀಟಿಯನ್ನು ಕಿಸೆಯಲ್ಲಿ ಬಚ್ಚಿಟ್ಟುಕೊಂಡು, ಏನೂ ಅರಿಯದವರಂತೆ ಕಾರ್ಖಾನೆಯ ಕಾಟಾಕ್ಕೆ ಬರುತ್ತಾರೆ. ಎರಡು ಚೀಟಿ ತಾಳೆಯಾದರೆ ನಮಸ್ಕಾರ, ಆಗದಿದ್ದರೆ ರಸ್ತೆ ತಡೆ! ಮಾಮಾ ಕೂತ ಕಾಟಾದಲ್ಲಿ ಚೀಟಿ ತಾಳೆಯಾಗದೆ ಹೋದದ್ದಿಲ್ಲವೆಂಬುದು ಅವರು ಸಂಪಾದಿಸಿದ ಒಂದೇ ಒಂದು ಹೆಸರು. ನಿವೃತ್ತರಾದ ಮೇಲೆ ಮೂರು ವರ್ಷ ಅವರನ್ನು ಯಾರೂ ಏನನ್ನೂ ತೂಗಲು ಕರೆಯಲಿಲ್ಲ. ಕಾಯಿಪಲ್ಲೆಯವಳು ಕೊಟ್ಟ ಬದನೆಕಾಯಿಯನ್ನು ಮನೆಯಲ್ಲಿ ಮತ್ತೆ ತೂಗುತ್ತಿದ್ದರು; ಅವಳು ಆ ಓಣಿಗೆ ಬರುವುದನ್ನೇ ಬಿಟ್ಟಳು.

ಇಂಥ ಹೊತ್ತಿನಲ್ಲಿ ಗಾಲ್ಫ್ ಆಡುವ ಆ ಇಬ್ಬರು ಗೆಳೆಯರು ಜಮಖಂಡಿಗೆ, ನಮ್ಮ ಮನೆಗೆ ಬಂದರು. ಒಬ್ಬರು ಮುಧೋಳದ ಹಲ್ಲಿನ ಡಾಕ್ಟರು, ಇನ್ನೊಬ್ಬರು ಬನಹಟ್ಟಿಯ ಸೀರೆ ಮಗ್ಗದ ಮಾಲೀಕರು. ಪುಣೆಯ ಕಡೆ ಯಾವುದೋ ಮದುವೆಗೆ ಹೋದಾಗ ಇಬ್ಬರಿಗೂ ಈ ಹುಚ್ಚು ಅಂಟಿತಂತೆ. ಇಲ್ಲಿ ಮೈದಾನವೆಲ್ಲಿದೆ? ಆದ್ದರಿಂದ ಮನೆಯಲ್ಲೇ ಪರದೆ ಕಟ್ಟಿಕೊಂಡು ಅದಕ್ಕೆ ಚೆಂಡು ಹೊಡೆಯುವುದು, ಲಾಂಚ್ ಮಾನಿಟರ್ ಎಂಬ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರದಿಂದ ಚೆಂಡಿನ ವೇಗವನ್ನು ಅಳೆಯುವುದು, ಆ ಅಂಕಿಯನ್ನು ಸಂಜೆ ಫೋನಿನಲ್ಲಿ ಕೊಚ್ಚಿಕೊಳ್ಳುವುದು. ಡಾಕ್ಟರರ ಯಂತ್ರ ಕ್ಯಾಮೆರಾದಿಂದ ಅಳೆಯುವಂಥದು, ಮಾಲೀಕರದು ರಾಡಾರಿನಿಂದ. ಡಾಕ್ಟರರ ಅಂಕಿ ಸದಾ ಹೆಚ್ಚು.

"ನಿನ್ನ ಮಷಿನ್ ನಿನ್ನ ಬಿಲ್ಲಿನಂಗ, ಬರೇ ಹೆಚ್ಚಿಗಿ ತೋರಸ್ತೈತಿ," ಎಂದು ಮಾಲೀಕರು ನಮ್ಮ ಪಡಸಾಲೆಯಲ್ಲೇ ಕುಳಿತು ಛೇಡಿಸಿದರು.

"ನಿಂದು ನಿನ್ನ ಸೀರಿಯಂಗ, ಯಾವಾಗಲೂ ಒಂದ ಗೇಣ ಕಡಿಮಿ," ಎಂದರು ಡಾಕ್ಟರು.

ನಗುತ್ತಲೇ ಆಡಿದ ಮಾತು. ಆದರೆ ಮಾಮಾ ನಗಲಿಲ್ಲ. ಒಂದೇ ಬಗೆಯ ಹೊಡೆತಕ್ಕೆ ಎರಡು ವೇಗ ಇರುವುದು ಶಕ್ಯವೇ ಇಲ್ಲ, ಎರಡರಲ್ಲಿ ಒಂದು ಕಾಟಾ ಸುಳ್ಳು ಹೇಳುತ್ತಿದೆ, ಯಾವುದೆಂದು ತಾವು ನಾಲ್ಕು ಜನರ ಎದುರು ಹೇಳುವುದಾಗಿ ಮಾತು ಕೊಟ್ಟುಬಿಟ್ಟರು. ಮೂರು ವರ್ಷಗಳ ತರುವಾಯ ಅವರ ಬೆನ್ನು ನೆಟ್ಟಗಾದದ್ದನ್ನು ನಾನೇ ಕಂಡೆ. ಅವರ ಮನೆಯ ಹಿತ್ತಲು ಚಿಕ್ಕದು, ನನ್ನದು ಉದ್ದ. ಮುಂದಿನದನ್ನು ನೀವೇ ಊಹಿಸಿರಿ!

ಮರುದಿನವೇ ನನ್ನ ಬಟ್ಟೆ ಒಣಗಿಸುವ ತಂತಿ ಮಾಯವಾಯಿತು. ಬನಹಟ್ಟಿಯಿಂದ ನಾಲ್ಕು ಪದರದ ದಪ್ಪ ಬಟ್ಟೆ ಬಂದು ಪೇರಲ ಗಿಡಕ್ಕೂ ಬಚ್ಚಲ ಗೋಡೆಗೂ ನಡುವೆ ಪರದೆಯಾಯಿತು. ಗೆಳೆಯರು ಹೊಡೆದ ಮೊದಲ ಚೆಂಡು ಪರದೆಯನ್ನು ಗೌರವಿಸಿತು. ಎರಡನೆಯದು ಅದರ ಮೇಲಿಂದ ಹಾರಿ ಪಕ್ಕದ ಮನೆಯ ಮಾಳಿಗೆಯಲ್ಲಿ ಒಣಗುತ್ತಿದ್ದ ಸಂಡಿಗೆಗಳ ನಡುವೆ ಕುಳಿತಿತು. ಕ್ಷಮೆ ಕೇಳಲು ಹೋದವಳು ನಾನು. ಮಾಮಾ ನನ್ನ ಜೊತೆಗೆ ಬಂದರು ನಿಜ, ಆದರೆ ಚೆಂಡು ಎಷ್ಟು ಸಂಡಿಗೆ ಮುರಿದಿದೆಯೆಂದು ಎಣಿಸಿ, ಅದರಿಂದ ವೇಗದ ಅಂದಾಜು ಸಿಗುತ್ತದೆಯೇ ಎಂದು ನೋಡಲು! ನಾನು ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಕಲಿಸಿ ಸ್ವಇಚ್ಛೆಯಿಂದ ನಿವೃತ್ತಳಾದದ್ದು ಇದಕ್ಕಾಗಿಯೇ?

ಅನಂತರ ಮಾಮಾನಿಗೆ ಹೊಳೆದದ್ದು, ಮಾಲೀಕರ ರಾಡಾರನ್ನು ಮೊದಲು ವೇಗ ಗೊತ್ತಿರುವ ಏನಾದರೊಂದರ ಮೇಲೆ ಪರೀಕ್ಷಿಸಬೇಕೆಂಬುದು. ಅಂಕಿ ಬರೆದುಕೊಳ್ಳಲು ಅಚ್ಚುಕಟ್ಟಾದ ಅಕ್ಷರ ಬೇಕೆಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಾವಳಗಿ ರಸ್ತೆಗೆ ಒಯ್ದರು. ಬೇಲಿಯ ಬದಿಗೆ ಕುಳಿತು ಬರುವ ವಾಹನಗಳತ್ತ ಆ ಡಬ್ಬಿಯನ್ನು ಹಿಡಿದರು. ನೋಡನೋಡುತ್ತಿದ್ದಂತೆ ಕಬ್ಬಿನ ಟ್ರ್ಯಾಕ್ಟರಿನವನು ಹಾಡು ನಿಲ್ಲಿಸಿದ. ಕಾರಿನವರು ಅವಸರದಿಂದ ಬೆಲ್ಟು ಎಳೆದುಕೊಂಡರು. ಒಂದು ಬೈಕಿನ ಮೇಲಿದ್ದ ಮೂವರಲ್ಲಿ ಇಬ್ಬರು ಇಳಿದು, ತಮಗೂ ಬೈಕಿಗೂ ಸಂಬಂಧವೇ ಇಲ್ಲವೆಂಬಂತೆ ನಡೆಯತೊಡಗಿದರು. ಬಸ್ಸೊಂದು ತಾನಾಗಿ ನಿಂತು, ಕಂಡಕ್ಟರು ಇಳಿದು ಬಂದು, ಕಾಗದಪತ್ರಗಳೆಲ್ಲ ಸರಿಯಾಗಿವೆಯೆಂದು ನನಗೆ ವರದಿ ಒಪ್ಪಿಸಿದರು! ಯಂತ್ರ ಒಂದೇ ಒಂದು ಅಂಕಿಯನ್ನೂ ತೋರಿಸಲಿಲ್ಲ. ಆದರೆ ಆ ದಿನ ಸಾವಳಗಿ ರಸ್ತೆಯಲ್ಲಿ ಕಂಡಷ್ಟು ಶಿಸ್ತನ್ನು ನಾನು ನನ್ನ ತರಗತಿಯಲ್ಲಿಯೂ ಕಂಡಿರಲಿಲ್ಲ.

ಕೊನೆಗೆ ತೀರ್ಪಿನ ಭಾನುವಾರ ಬಂತು. ಗೆಳೆಯರಿಬ್ಬರ ಮನೆಯವರು, ನೆರೆಹೊರೆಯವರು, ಹುನ್ನೂರಿನಿಂದ ಮಾಲೀಕರ ಬೀಗರು, ಒಟ್ಟು ಇಪ್ಪತ್ತೈದು ಜನ. ಊಟ ನಮ್ಮಲ್ಲಿಯೇ! ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಕಾಟಾದ ನಿಯಮಗಳನ್ನು ಘೋಷಿಸಿದರು. ಎರಡೂ ಯಂತ್ರಗಳು ಒಂದೇ ಚೆಂಡನ್ನು ಒಂದೇ ಸಲಕ್ಕೆ ಅಳೆಯತಕ್ಕದ್ದು. ಹೊಡೆದವರು ಕೂಡಲೇ, ನಿಂತು ಹೊಡೆಯಲು ಹಾಸಿದ ಚಾಪೆಯಿಂದ ಕೆಳಗಿಳಿಯತಕ್ಕದ್ದು, ಏಕೆಂದರೆ ಡ್ರೈವರು ಗಾಡಿಯ ಮೇಲಿದ್ದರೆ ತೂಕ ತಪ್ಪುತ್ತದೆ. ಅಂಕಿ ನಿಲ್ಲುವವರೆಗೆ ಯಾರೂ ಕೆಮ್ಮಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲಿನವರು, ಅಂದರೆ ಯಂತ್ರದ ಒಡೆಯರು, ಮಾತಾಡಕೂಡದು. ಗಾಡಿ ಕಾಟಾ ಏರಿದ ಮೇಲೆ ಮಾಲಿನ ಒಡೆಯ ಬಾಯಿ ತೆರೆದರೆ ಅದು ತೂಗುವವನ ಮೇಲೆ ಒತ್ತಡ ತಂದಂತೆ ಎಂಬುದು ಅವರ ಮೂವತ್ತು ವರ್ಷಗಳ ಕಟ್ಟಳೆ.

ಎರಡು ಡಬ್ಬಿಗಳನ್ನೂ ಅವರು ಚೆಂಡಿನ ಪಕ್ಕಕ್ಕೆ, ಗೇಣು ಗೇಣು ದೂರದಲ್ಲಿ, ನೀರುಮಟ್ಟ ಹಿಡಿದು ನೋಡಿ ಕೂರಿಸಿದರು. ಆಗ ಮಗ್ಗದ ಮಾಲೀಕರು, "ಮಾಮಾರ, ನಮ್ಮ ಮಷಿನ್‌ಗೆ ಸ್ವಲ್ಪ..." ಎಂದು ಎದ್ದರು. ಮಾಮಾ ಕೈಯೆತ್ತಿ ತಡೆದರು. ಮಾಲೀಕರು ನನ್ನ ಕಡೆ ತಿರುಗಿದರು. ಹಳೆಯ ಅಭ್ಯಾಸ ನನ್ನ ನಾಲಗೆಗೆ ಬಂತು: "ಎಲ್ಲಾರೂ ಅವರವರ ಜಾಗಾದಾಗ ಕೂಡ್ರಿ. ಪರೀಕ್ಷಾ ನಡದೈತಿ." ಅವರು ಕುಳಿತರು. ಒಲೆಯ ಮೇಲೆ ಇಪ್ಪತ್ತೈದು ಜನರ ಸಾರು ಉಕ್ಕುತ್ತಿರುವಾಗ ನನಗೆ ಯಾರ ವಿವರಣೆಯೂ ಬೇಕಾಗಿರಲಿಲ್ಲ.

ಇಬ್ಬರೂ ಹತ್ತು ಹತ್ತು ಚೆಂಡು ಹೊಡೆದರು; ನಾನು ಎರಡು ಕಾಲಂ ಎಳೆದು ಬರೆದೆ. ಡಾಕ್ಟರರ ಯಂತ್ರ ಗಂಟೆಗೆ ತೊಂಬತ್ತೆಂಟು ಮೈಲಿ ಎಂದರೆ ಮಾಲೀಕರದು ಎಂಬತ್ತಮೂರು ಎನ್ನುತ್ತಿತ್ತು. ಒಮ್ಮೊಮ್ಮೆ ಎಂಬತ್ತೊಂದು, ಒಮ್ಮೊಮ್ಮೆ ಎಪ್ಪತ್ತೊಂಬತ್ತು. ಮಾಮಾ ಕನ್ನಡಕ ತೆಗೆದು ತೀರ್ಪು ಹೇಳಿದರು: "ಮುಧೋಳದ್ದು ಒಂದ ಮಾತಿಗೆ ನಿಲ್ಲತೈತಿ. ಬನಹಟ್ಟೀದು ಕಡಿಮಿ ತೂಗತೈತಿ."

ಕಡಿಮೆ ತೂಗುವುದು! ಬೀಗರೆದುರು ವ್ಯಾಪಾರಸ್ಥನೊಬ್ಬ ಕೇಳಬಹುದಾದ ಮಾತೇ ಅದು? ಡಾಕ್ಟರು, ಇನ್ನು ಊರವರೆಲ್ಲ ಸೀರೆಯನ್ನು ಮೊಳ ಹಾಕಿಯೇ ಕೊಳ್ಳಬೇಕೆಂದು ಚುಚ್ಚಿದರು. ಎಲ್ಲರೂ ನಕ್ಕರು. ಮಾಲೀಕರು ನಗಲು ಹೋಗಿ ನಿಲ್ಲಿಸಿದರು. ಮಾಮಾನ ಮುಖದಲ್ಲಿ ಮಾತ್ರ ಹಳೆಯ ದಿನಗಳ ಕಬ್ಬಿನ ಹಂಗಾಮಿನ ಕಳೆ ಮರಳಿತ್ತು.

ಊಟಕ್ಕೆ ಪಂಕ್ತಿ ಹಾಕಬೇಕಾಗಿತ್ತು. ಡಾಕ್ಟರರ ಡಬ್ಬಿ ಚೆಂಡಿನ ಆಚೆ, ಗೋಡೆಯ ಬದಿಗಿತ್ತು, ಅದನ್ನು ಅಲ್ಲಿಯೇ ಬಿಟ್ಟೆ. ಈಚೆ ಬದಿಯ ಮಾಲೀಕರ ಡಬ್ಬಿ ಪಂಕ್ತಿಯ ಜಾಗಕ್ಕೆ ಅಡ್ಡವಾಗಿತ್ತು; ಅದನ್ನು ಸಿಡುಕಿನಿಂದಲೇ ಎತ್ತಿ, ಚಾಪೆಯ ಹಿಂದೆ ಮೂರು ಮಾರು ದೂರದ ಒಗೆಯುವ ಕಲ್ಲಿನ ಮೇಲೆ ಕುಕ್ಕಿದೆ. ಜನ ಕೈ ತೊಳೆಯಲು ಹೋದರು. ಗೆದ್ದ ಹುರುಪಿನಲ್ಲಿದ್ದ ಡಾಕ್ಟರು ಸುಮ್ಮನೆ ಇನ್ನೊಂದು ಚೆಂಡು ಹೊಡೆದು ತಾವೂ ಹೋದರು. ಮಾಮಾ ರೂಢಿಯಂತೆ ಎರಡೂ ಅಂಕಿಗಳನ್ನು ನೋಡಿದರು. ಡಾಕ್ಟರರದು ನೂರೊಂದು, ಕಲ್ಲಿನ ಮೇಲಿನದು ನೂರು.

ಡಾಕ್ಟರನ್ನು ಕರೆದು ಮತ್ತೆ ಮೂರು ಚೆಂಡು ಹೊಡೆಸಿ, ಊಟಕ್ಕೆ ಕಳಿಸಿದರು. ತೊಂಬತ್ತೇಳಕ್ಕೆ ತೊಂಬತ್ತಾರು, ತೊಂಬತ್ತೊಂಬತ್ತಕ್ಕೆ ತೊಂಬತ್ತೊಂಬತ್ತು, ನೂರಕ್ಕೆ ತೊಂಬತ್ತೊಂಬತ್ತು. ರಾಡಾರಿಗೆ ಚೆಂಡು ತನ್ನಿಂದ ದೂರ ಹಾರುವುದು ಹಿಂದಿನಿಂದ ಕಾಣಬೇಕು. ಮಾಲನ್ನು ಮಡಿಲಲ್ಲಿಟ್ಟು ತೂಗಲು ಅದೇನು ಕಾಟಾವೇ? ಮಾಲೀಕರು ಹೇಳಲು ಎದ್ದದ್ದು ಇದನ್ನೇ.

"ನೋಡಿದಿ?" ಎಂದರು ಮಾಮಾ.

ನೋಡಿದ್ದೆ. ನಾವಿಬ್ಬರೇ ನೋಡಿದ್ದೆವು. "ಊಟಾ ಆಗಲಿ ತಡೀರಿ. ಆಮ್ಯಾಲ ಅವರೊಬ್ಬರಿಗೇ ಹೇಳೂಣು," ಎಂದೆ.

"ತೀರ್ಪ ಎಲ್ಲಾರ ಮುಂದ ಹೇಳೇನಿ ಬೇ."

ಪಂಕ್ತಿಯ ನಡುವೆ ಹೋಗಿ ನಿಂತರು. "ಒಂದ ಗಳಿಗಿ ಕೇಳ್ರಿ. ಮುಂಜಾನಿ ನಾ ಹೇಳಿದ್ದು ತಪ್ಪು. ಇವರ ಮಷಿನ್ ಖರೇನ ಐತಿ. ಹಿಂದ ದೂರ ಇಡೂದನ್ನ ನಾ ಬಾಜೂಕ ಇಟ್ಟೆ. ಹೇಳಾಕ ಬಂದಿದ್ರು, ನಾನ ಬಾಯಿ ಮುಚ್ಚಿಸಿದೆ."

ಮಾಲೀಕರು ರೊಟ್ಟಿ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಅವರನ್ನು ನೋಡಿದರು. "ಇರಲಿ ಬಿಡ್ರಿ ಮಾಮಾರ. ಕೂಡ್ರಿ, ಊಟಾ ಮಾಡ್ರಿ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಹುನ್ನೂರಿನ ಬೀಗರಲ್ಲೊಬ್ಬರು, ಕಬ್ಬು ಬೆಳೆಯುವವರು, ಬದನೆಕಾಯಿ ಎಣ್ಣೆಗಾಯಿಯನ್ನು ಕಲಸುತ್ತ ಅಂದರು: "ಹಂಗಾರ ನಮ್ಮ ಹಳೇ ಚೀಟಿಗೋಳನ್ನೂ ತಗದ ನೋಡಬೇಕನ್ರಿ?"

ತಮಾಷೆಗೆಂದರು. ಪಂಕ್ತಿಯೆಲ್ಲ ನಕ್ಕಿತು. ಮಾಮಾ ತಲೆ ತಗ್ಗಿಸಿ ಅನ್ನ ಕಲಸಿದರು, ತಿನ್ನಲಿಲ್ಲ. ಮೂವತ್ತು ವರ್ಷಗಳ ಹೆಸರು ನನ್ನ ಹಿತ್ತಲಿನಲ್ಲಿ, ನನ್ನ ಊಟದ ನಡುವೆ ಹೋಯಿತು. ಬಾಯಿ ಮುಚ್ಚಿಸಿದವಳು ನಾನೂ ಹೌದು ಎಂದು ಆಗಲೇ ಹೇಳಬೇಕಾಗಿತ್ತಲ್ಲವೇ? ಸಾರಿನ ಪಾತ್ರೆ ಹಿಡಿದು, ಯಾರಿಗೆ ಇನ್ನೂ ಬೇಕೆಂದು ಕೇಳುತ್ತ ಮುಂದೆ ನಡೆದೆ. ಎರಡು ತಿಂಗಳಿನಿಂದ ಕೂಡಿಟ್ಟ ಸಿಟ್ಟೆಲ್ಲ ಆ ಹೊತ್ತಿನಲ್ಲಿ ವಿಳಾಸ ಬದಲಿಸಿ ನನ್ನ ಕಡೆಗೇ ತಿರುಗಿತು.

ಮಾಮಾ ಹದಿನೈದು ದಿನ ಹೊರಗೆ ಬರಲಿಲ್ಲ. ಗೆಳೆಯರಿಬ್ಬರೂ ಫೋನು ಮಾಡಿದರೆ, ತಮಗೀಗ ಕಣ್ಣು ಮಂಜಾಗಿದೆಯೆಂದರಂತೆ. ಮನೆಗೆ ತಂದ ಬದನೆಕಾಯಿಯನ್ನೂ ತೂಗುತ್ತಿಲ್ಲವೆಂದು ಮಾಮಾನ ಹೆಂಡತಿ, ನಮ್ಮ ಅತ್ತೆ, ಹೇಳಿದಾಗ ನಾನು ಫೋನು ಎತ್ತಿಕೊಂಡೆ. ನಮ್ಮ ಮನೆಗೆ ಬಂದ ಗ್ಯಾಸ್ ಸಿಲಿಂಡರು ಹಗುರಾಗಿರುವಂತೆ ತೋರುತ್ತದೆ, ನೋಡಿ ಹೇಳುವವರು ಯಾರೂ ಇಲ್ಲ ಎಂದು ಮಾಮಾನಿಗೆ ಹೇಳಿದೆ.

ಅರ್ಧ ಗಂಟೆಯಲ್ಲಿ ಸ್ಪ್ರಿಂಗ್ ತಕ್ಕಡಿ ಹಿಡಿದು ಬಂದರು. ಬಾಗಿಲ ತೊಲೆಗೆ ಅದನ್ನು ತೂಗುಹಾಕಿ, ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕವನ್ನು ಎರಡು ಸಲ ಓದಿದರು. ಎತ್ತುವ ಮೊದಲು ನನ್ನತ್ತ ತಿರುಗಿ, "ನಿಂದೇನರ ಹೇಳೂದೈತೇನ್? ಇದ್ದರ ಈಗ ಹೇಳಿಬಿಡು," ಎಂದರು.

ಹೇಳುವುದು ಬಹಳವಿತ್ತು. "ಅವತ್ತ ಅವರನ್ನ ಕೂಡ್ರಿಸಿದಾಕಿ ನಾನೂ ಹೌದರಿ ಮಾಮಾ. ಊಟದಾಗ ಹೇಳಲಿಲ್ಲ," ಎಂದಷ್ಟೇ ಹೇಳಿದೆ.

ಅವರು ತಲೆಯಾಡಿಸಿ, ಸಿಲಿಂಡರನ್ನು ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ಅಲ್ಲಾಡುವುದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನೋಡಿದರು. ತೂಕ ಸರಿಯಾಗಿತ್ತು. ಅದು ಸರಿಯಾಗಿದೆಯೆಂದು ನನಗೆ ಮೊದಲೇ ಗೊತ್ತಿತ್ತು. ತಂದುಕೊಟ್ಟವನಿಂದ ಬಾಗಿಲಲ್ಲೇ ತೂಗಿಸಿಕೊಳ್ಳದೆ ನಾನು ಯಾವ ಸಿಲಿಂಡರನ್ನೂ ಒಳಗೆ ಬಿಟ್ಟುಕೊಳ್ಳುವವಳಲ್ಲ.

"ಬರೋಬ್ಬರಿ ಐತಿ," ಎಂದರು. ಧ್ವನಿಯಲ್ಲಿ ತುಸು ಜೀವ ಬಂದಿತ್ತು. ಆಮೇಲೆ ಮೆಲ್ಲಗೆ, "ಇನ್ನೊಂದ ಐತೇನ್?" ಎಂದು ಕೇಳಿದರು.

ಇತ್ತು. ಖಾಲಿಯದು. ಅದನ್ನೂ ಉರುಳಿಸಿಕೊಂಡು ಬಂದು ಅವರ ಮುಂದೆ ನಿಲ್ಲಿಸಿದೆ.