ಗಂಡನ ಹೆಸರಿಲ್ಲದ ಚೀಟಿ

ಸೂರ್ಯಕಾಂತ: ಬಾಯಾರ, ಮೂರನೇ ಸಲ ಕೇಳ್ಲಾಕತ್ತೀನಿ. ಗಂಡನ ಹೆಸರು?

ಭಾಗೀರಥಿಬಾಯಿ: ನಾನೂ ಮೂರನೇ ಸಲ ಹೇಳ್ಲಿಕತ್ತೀನಿ. ಹೇಳಂಗಿಲ್ಲ.

ಸೂರ್ಯಕಾಂತ: ಹೆಸರಿಲ್ದ ಚೀಟಿ ಇಲ್ಲ. ಚೀಟಿ ಇಲ್ದ ಡಾಕ್ಟರ್ ಇಲ್ಲ.

ಭಾಗೀರಥಿಬಾಯಿ: ಕೇಳಿದ್ಯಾ ಅನಸೂಯಾ? ಇವರ ಕಾನೂನು. ನಡಿ, ಊರಿಗೆ ಹೋಗೋ ಹುಮನಾಬಾದ್ ಬಸ್ ಹನ್ನೆರಡಕ್ಕದ.

ಗುಲ್ಬರ್ಗದ ದವಾಖಾನೆಯ ಚೀಟಿ ಕಿಟಕಿಯ ಮುಂದೆ ನಿಂತ ಕಮಲಾಪುರದ ಭಾಗೀರಥಿಬಾಯಿಗೆ ಹೋದ ಜೀವ ಬಂದಂತಾಗಿತ್ತು. ಭೋಗಿಯ ದಿನ ಎಳ್ಳು ಹಚ್ಚಿ ಮೀಯುವಾಗ ಎಡ ಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಯುಗಾದಿ ಕಳೆದರೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಗುಲ್ಬರ್ಗದ ಬ್ರಹ್ಮಪುರದಿಂದ ಊರಿಗೆ ಬಂದ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಅನಸೂಯಾಬಾಯಿ, ಅದು ಹೇಗೋ ಪತ್ತೆ ಹಚ್ಚಿ, ಕೆಂಪು ಬಾಳೆಹಣ್ಣಿನ ಚೀಲದ ಸಮೇತ ನಿನ್ನೆ ತನ್ನ ಮನೆಗೆ, ಇವತ್ತು ಇಲ್ಲಿಗೆ ಎಳೆದುಕೊಂಡು ಬಂದಿದ್ದಳು. "ಎಂಟು ದಿನ ಆಗಿರಬೇಕು" ಎಂದು ಆಕೆಗೂ ಸುಳ್ಳೇ ಹೇಳಿದ್ದಾಗಿತ್ತು. ಈಗ ದೇವರೇ ಗುಮಾಸ್ತ ಸೂರ್ಯಕಾಂತನ ವೇಷದಲ್ಲಿ ಬಂದು ಪಾರಾಗುವ ದಾರಿ ತೋರಿಸಿದ್ದ.

ಸೂರ್ಯಕಾಂತ: (ಅನಸೂಯಾಬಾಯಿಗೆ) ನೀವರ ಹೇಳ್ರಿ.

ಅನಸೂಯಾಬಾಯಿ: ಭಾವನವರ ಹೆಸರು ನಾ ಹ್ಯಾಂಗ ಹೇಳ್ಲಿರಿ? ಬೇಕಾದ್ರ ಗುರ್ತು ಹೇಳ್ತೀನಿ. ಏಳು ಗುಡ್ಡದ ಮ್ಯಾಲೆ ಇರ್ತಾರ.

ಸೂರ್ಯಕಾಂತ: ಈಗರ ಕಮಲಾಪುರದಾಗ ಇರ್ತಾರ ಅಂದ್ರಿ?

ಅನಸೂಯಾಬಾಯಿ: ಅವರಲ್ಲರೀ, ದೇವರು!

ಸೂರ್ಯಕಾಂತ: ಹಾಂಗನ್ರಿ. ಶ್ರೀನಿವಾಸ?

ಭಾಗೀರಥಿಬಾಯಿ: (ಸೆರಗಿನಿಂದ ಬಾಯಿ ಮುಚ್ಚಿ) ಹರಿ ಹರೀ! ಅದು ಮಾವನವರದು.

ಸೂರ್ಯಕಾಂತ: ಗೋವಿಂದ?

ಭಾಗೀರಥಿಬಾಯಿ: ಹಿರೇ ಭಾವನವರದು.

ಸೂರ್ಯಕಾಂತ: ಬಾಲಾಜಿ?

ಭಾಗೀರಥಿಬಾಯಿ: ಅಂವ ನನ್ನ ಮಗ!

ಸೂರ್ಯಕಾಂತ: ಒಂದ ಗುಡ್ಡದ ಮ್ಯಾಲೆ ಇಡೀ ಖಾನದಾನ್ ಕೂಡ್ಸೀರಲ್ರಿ!

ಸಾಲಿನಲ್ಲಿ ಹಿಂದೆ ನಿಂತಿದ್ದ ಮೋಮಿನಪುರದ ಇಕ್ಬಾಲ್ ಬೇಗಂಗೆ ತಾಳ್ಮೆ ಮುಗಿಯಿತು.

ಇಕ್ಬಾಲ್ ಬೇಗಂ: ಬಾಯಿ, ಜರಾ ಜಲ್ದಿ ಮಾಡ್ರಿ. ನಿಮ್ಮ ಗಂಡ ಸಿಗೋದ್ರಾಗ ನನ್ನ ಬುಖಾರ್ ತಾನಾಗೇ ಇಳದು ಹೋಗ್ತದ.

ಪ್ರತಿ ಸಲವೂ ಇನ್ನೇನು ಗಂಡನ ಹೆಸರೇ ಬಂತೆಂದು ಭಾಗೀರಥಿಬಾಯಿಗೆ ಅಳುಕು. ಆದರೆ ಬರಬೇಕಾದ ಹೆಸರು ಬರಲೇ ಇಲ್ಲ. ಆಕೆ ಚೀಲ ಎತ್ತಿಕೊಂಡಳು.

ಭಾಗೀರಥಿಬಾಯಿ: ನಡಿ ಅನಸೂಯಾ. ಮುಂದಿನ ತಿಂಗಳ ನೋಡೂಣು.

ಅನಸೂಯಾಬಾಯಿ: ಆರು ವರ್ಷದ ಹಿಂದ ಇದೇ ಕಿಟಕಿ ಮುಂದ ನಾನೂ ಹಿಂಗ ಅಂದಿದ್ದೆ ಅಕ್ಕಾ.

ಭಾಗೀರಥಿಬಾಯಿ: ನೀನಾ?

ಅನಸೂಯಾಬಾಯಿ: ನಮ್ಮನಿಯವರ ಹೆಸರು ಹೇಳ್ಲಿಕ್ಕೆ ನಾಚಿ ಮನಿಗೆ ಹೋದೆ. ತಿರುಗಿ ಬರೋದ್ರಾಗ ನಾಕು ತಿಂಗಳಾತು. ಗಂಟು ನಿಂಬಿಹಣ್ಣಾಗಿತ್ತು. ಒಂದು ಮೊಲಿನ ಪೂರಾ ತೆಗೀಬೇಕಾತು. ಜೀವ ಉಳೀತು, ನಶೀಬು. ಅವತ್ತಿಂದ ಮನಿಯಾಗ 'ಮುಕುಂದ' ಅಂತನ ಕರೀತೀನಿ. ಅವರೂ 'ಓ' ಅಂತಾರ.

ಆಪರೇಷನ್ ಆದಾಗ ತಿಂಗಳುಗಟ್ಟಲೆ ಗಂಜಿ ಕುಡಿಸಿದವಳು ಭಾಗೀರಥಿಬಾಯಿಯೇ. ಈ ನಾಲ್ಕು ತಿಂಗಳ ಕಥೆ ಆಕೆಗೆ ಗೊತ್ತಿರಲಿಲ್ಲ. ಈಗ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದಾಗಲೆಲ್ಲ ಆಕೆಗೆ ನೆನಪಾಗುವುದು ಬಸ್ಸೇ. ಬಾಗಿಲ ಕಡೆ ತಿರುಗಿದಳು.

ಅನಸೂಯಾಬಾಯಿ: ಆತು ಬಿಡ್ರಿ. ಸೂರ್ಯಕಾಂತ, ಜಾಗಾ ಖಾಲಿ ಯಾಕ ಬಿಡ್ತೀರಿ? ನಮ್ಮನಿಯವರ ಹೆಸರನ್ನ ಹಾಕ್ರಿ.

ಸೂರ್ಯಕಾಂತ: (ಇಡೀ ಸಾಲಿಗೆ ಕೇಳುವಂತೆ) ಭಾಗೀರಥಿಬಾಯಿ... ಗಂಡ... ಮುಕುಂದ...

ಭಾಗೀರಥಿಬಾಯಿ: ಏಯ್! ಅಂವ ನನ್ನ ಮೈದುನ! ಅವನ ಮುಂಜಿಯಾಗ ಭಿಕ್ಷಾ ಹಾಕಿದಾಕಿ ನಾನು!

ಸೂರ್ಯಕಾಂತ: ಮತ್ತ ಗಂಡ ಯಾರ್ರಿ?

ಭಾಗೀರಥಿಬಾಯಿ: ವೆಂಕಟೇಶ! ಕಮಲಾಪುರದ ವೆಂಕಟೇಶ! ಬರಕೋರಿ, ವೆಂಕಟೇಶ!

ಇಡೀ ಸಾಲು ತಿರುಗಿ ನೋಡಿತು. ಇಕ್ಬಾಲ್ ಬೇಗಂ "ಮುಬಾರಕ್" ಎಂದಳು. ಸೂರ್ಯಕಾಂತ ಪೆನ್ನನ್ನು ಜೇಬಿಗಿಟ್ಟು, ಮೇಜಿನ ಖಾನೆ ಎಳೆದು, ಒಂದು ಚೀಟಿ ಹೊರಗೆ ತೆಗೆದ. ನಿನ್ನೆಯ ತಾರೀಖು. ಭಾಗೀರಥಿಬಾಯಿ, ಗಂಡ ವೆಂಕಟೇಶ, ಕಮಲಾಪುರ. ಎಲ್ಲ ಆಗಲೇ ಬರೆದಿತ್ತು.

ಭಾಗೀರಥಿಬಾಯಿ: ನಿಮಗ ಗೊತ್ತಿತ್ತು! ಅದಕ್ಕ ಗುಡ್ಡದ ಮ್ಯಾಲಿನ ಹೆಸರೆಲ್ಲಾ ಹೇಳಿ ಅದೊಂದನ್ನ ಬಿಟ್ರಿ!

ಸೂರ್ಯಕಾಂತ: ನಿನ್ನಿನ ಇವರು ಬಂದು ಬರೆಸಿ ಹೋಗ್ಯಾರ್ರಿ. 'ಅವರ ಬಾಯಿಂದನ ಬರೋ ತನಕ ಚೀಟಿ ಕೊಡಬ್ಯಾಡ್ರಿ' ಅಂತ ತಾಕೀತು ಮಾಡ್ಯಾರ.

ಭಾಗೀರಥಿಬಾಯಿ: ಅನಸೂಯಾ, ಮಂದಿ ಮುಂದ ನನ್ನ ಮರ್ಯಾದಿ ತೆಗೀತೀಯಾ?

ಅನಸೂಯಾಬಾಯಿ: ಚೀಟಿ ನಾ ಬರೆಸಬಹುದಕ್ಕಾ. ಒಳಗ ಡಾಕ್ಟರ್ ಕೇಳೋದಕ್ಕ ನೀವ ಬಾಯಿ ಬಿಡಬೇಕಲ್ಲ? ಜರಾ ತಾಲೀಮು ಮಾಡ್ಸಿದೆ.

ಅಷ್ಟರಲ್ಲಿ ಗದ್ದಲ ಕೇಳಿ, ನಿನ್ನೆಯೇ ಅನಸೂಯಾಬಾಯಿಯಿಂದ ವಿಷಯ ತಿಳಿದಿದ್ದ ಲೇಡಿ ಡಾಕ್ಟರ್ ಬಾಗಿಲಿಗೇ ಬಂದರು.

ಡಾಕ್ಟರ್: ಭಾಗೀರಥಿಬಾಯಿ ಯಾರ್ರಿ? ಗಂಟು ಕಂಡು ಎಷ್ಟು ದಿನ ಆತು?

ಅನಸೂಯಾಬಾಯಿ: ಎಂಟು ದಿನ ಅಂತ ಹೇಳ್ಯಾರ್ರಿ...

ಭಾಗೀರಥಿಬಾಯಿ: ನೀ ಸುಮ್ನಿರು! ಭೋಗಿಯಿಂದ ಅದರೀ ಡಾಕ್ಟರ. ಎಡಗಡಿ. ಬರೋಬ್ಬರಿ ಮೂರು ತಿಂಗಳು.

ಅನಸೂಯಾಬಾಯಿ ಗಕ್ಕನೆ ಅಕ್ಕನ ಕಡೆ ತಿರುಗಿದಳು. ತಿರುಗಿದವಳ ಕಣ್ಣು ತುಂಬಿ ಬಂತು.

ಭಾಗೀರಥಿಬಾಯಿ: ಏನ್ ನೋಡ್ತಿ? ಊರ ಮುಂದ ಗಂಡನ ಹೆಸರ ಹೇಳಿ ಆತು, ಇನ್ನ ಮುಚ್ಚಿಡ್ಲಿಕ್ಕೆ ನನ್ನ ಹತ್ರ ಏನದ? ಈ ಚೀಲ ಹಿಡಿ, ನಾ ಒಳಗ ಹೋಗಿ ಬರ್ತೀನಿ. ಬಸ್ ಹೋದ್ರ ಹೋಗ್ಲಿ. ಆದ್ರ ಒಂದು ಮಾತು, ಆ ಸೂರ್ಯಕಾಂತಗ ಒಂದ ಬಾಳೆಹಣ್ಣೂ ಕೊಡಬ್ಯಾಡ!