ಎರಡು ಸೀಟಿನ ಕಾರು, ಮೂರು ಜನರ ಸಂಸಾರ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುತ್ತದಂತೆ. ಕೆಲವರು ಯೋಗಾಸನಕ್ಕೆ ಬೀಳುತ್ತಾರೆ, ಕೆಲವರು ರಾಜಕೀಯಕ್ಕೆ, ಇನ್ನು ಕೆಲವರು ತಲೆಗೆ ಬಣ್ಣ ಹಚ್ಚಿಕೊಂಡು ಸಂಗೀತ ಕಲಿಯಲು ಹೋಗುತ್ತಾರೆ. (ಸಂಗೀತಕ್ಕೆ ಕಪ್ಪು ಕೂದಲು ಏಕೆ ಬೇಕೋ ಅವರನ್ನೇ ಕೇಳಬೇಕು.) ನಾನು ಬಿದ್ದದ್ದು ಒಂದು ಕಾರಿಗೆ. ಇದನ್ನು ಹುಚ್ಚು ಎನ್ನುವವರು ನನ್ನ ಹೆಂಡತಿ ಮತ್ತು ಅವಳ ತಾಯಿ ಮಾತ್ರ. ಆದರೆ ನಮ್ಮ ಮನೆಯಲ್ಲಿ ಇರುವವರೇ ಮೂವರು. ಹಾಗಾಗಿ ಬಹುಮತ ಯಾವಾಗಲೂ ಅವರದು.

ಅದು ನನ್ನ ಹರೆಯದ ಕಾಲದ ಜಪಾನೀ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಇರುವೆ ಅಡ್ಡ ಬಂದರೂ ಹಾರನ್ ಹೊಡೆಯಬೇಕು. ಮುಂದಿನ ದೀಪಗಳು ಹಗಲೆಲ್ಲ ಬಾನೆಟ್ಟಿನೊಳಗೆ ಮಲಗಿರುತ್ತವೆ; ಸ್ವಿಚ್ ಒತ್ತಿದರೆ ರೆಪ್ಪೆ ತೆರೆದಂತೆ ಮೇಲೇಳುತ್ತವೆ. ಕನ್ನಡಕದ ಅಂಗಡಿ ಇಟ್ಟುಕೊಂಡು ದಿನವಿಡೀ ಮಂದಿಯ ಕಣ್ಣು ನೋಡುವ ನಾನು ಈ ಕಣ್ಣುಗಳಿಗೆ ಮನಸೋತದ್ದರಲ್ಲಿ ಆಶ್ಚರ್ಯವೇನು? ಮದುವೆಗೆ ಮುಂಚೆ ಇದೇ ಕಾರಿನ ಚಿತ್ರ ನನ್ನ ಕೋಣೆಯ ಗೋಡೆಯ ಮೇಲಿತ್ತು. ಮದುವೆಯಾದ ಮೇಲೆ ಆ ಮೊಳೆಗೆ ನನ್ನವಳ ನರ್ಸಿಂಗ್ ಸರ್ಟಿಫಿಕೇಟು ಬಂದು ಕೂತಿತು.

ನನ್ನವಳು ಆಸ್ಪತ್ರೆಯ ಹೆರಿಗೆ ವಾರ್ಡಿನ ಮುಖ್ಯ ನರ್ಸು. ಅಲ್ಲಿ ಅವಳ ಮಾತಿಗೆ ಡಾಕ್ಟರುಗಳೇ ಎದುರಾಡುವುದಿಲ್ಲ. ಇಲ್ಲಿ ನಾನ್ಯಾವ ಲೆಕ್ಕ? ಮನೆಯ ಕಾರುಬಾರೆಲ್ಲ ಅವಳದು, ಕಾರೊಂದಾದರೂ ನನ್ನದಾಗಿರಲಿ ಎಂದುಕೊಂಡು ಒಬ್ಬ ನಿವೃತ್ತ ಪೈಲಟ್ಟಿನಿಂದ ಇದನ್ನು ತಂದೆ. ನಾನು ಕಾರು ತಂದೆ, ಅವಳು ಕಿಡಿ ಕಾರಿದಳು.

"ರೀ, ಸವತಿ ತಂದಿದ್ರೂ ವಾಸಿಯಾಗಿತ್ತು," ಎಂದಳು. "ಅವಳು ಅಡುಗೆಗಾದ್ರೂ ಕೈ ಜೋಡಿಸ್ತಿದ್ಲು."

"ಹಾಗನ್ಬೇಡ ಕಣೇ. ಇಂಥ ಕಾರು ಈಗ ಎಲ್ಲೂ ತಯಾರಾಗಲ್ಲ. ಹಳೇದಾದಷ್ಟೂ ಇದಕ್ಕೆ ಬೆಲೆ ಜಾಸ್ತಿ."

"ನಮ್ಮಮ್ಮನೂ ಹಳಬಳೇ. ಒಂದಿನ ಒಂದು ಲೋಟ ನೀರು ತಂದ್ಕೊಟ್ಟಿದ್ದೀರಾ?"

ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, "ನನ್ನ ವಿಷಯ ಬಿಡೇ," ಎಂದರು. "ಅಳಿಯಂದಿರು ನನ್ನನ್ನೂ ದಿನಾ ಉಜ್ಜೋಕೆ ಶುರು ಮಾಡಿದ್ರೆ ಇರೋ ಬಣ್ಣಾನೂ ಹೋಗುತ್ತೆ."

ಹಳೆಯ ಕಾರನ್ನು ಕೊಳ್ಳುವುದು ದೊಡ್ಡದಲ್ಲ, ಕಾಪಾಡುವುದು ದೊಡ್ಡದು. ನಾನು ಸಂರಕ್ಷಣಾ ಶಾಸ್ತ್ರದಲ್ಲಿ ಪರಿಣತನಾದೆ. ಬಿಸಿಲು ಬಿದ್ದರೆ ಡ್ಯಾಶ್‌ಬೋರ್ಡು ಬಿರಿಯುತ್ತದೆ, ನೀರು ಬಿದ್ದರೆ ಬಾಡಿ ತುಕ್ಕು ಹಿಡಿಯುತ್ತದೆ, ರಸ್ತೆಗಿಳಿದರೆ ಕಲ್ಲು ಸಿಡಿಯುತ್ತದೆ. ಆದ್ದರಿಂದ ಬಿಸಿಲು, ನೀರು, ರಸ್ತೆ ಮೂರನ್ನೂ ನಿಷೇಧಿಸಿದೆ. ನನ್ನವಳು ಆಸ್ಪತ್ರೆಗೆ ಓಡಿಸಿಕೊಂಡು ಹೋಗುವ ನಮ್ಮ ದಿನಬಳಕೆಯ ಬಡ ಕಾರನ್ನು ಶೆಡ್ಡಿನಿಂದ ಬೀದಿಗೆ ತಳ್ಳಿ, ಆ ಜಾಗವನ್ನು ಕೆಂಪುರಾಣಿಯ ಶಯ್ಯಾಗಾರವನ್ನಾಗಿ ಮಾಡಿದೆ. ಶೆಡ್ಡಿನ ಕಡೆಯ ಅಡುಗೆಮನೆ ಕಿಟಕಿ ತೆರೆದು ಏನನ್ನೂ ಹುರಿಯಬಾರದು, ಕಾರಿನ ಹತ್ತಿರ ತಿನ್ನಬಾರದು, ಕುಡಿಯಬಾರದು, ಸೀನಲೇಬೇಕಾದರೆ ಗೇಟಿನಾಚೆ ಹೋಗಿ ಸೀನಬೇಕು ಎಂದು ಆಜ್ಞೆ ಹೊರಡಿಸಿದೆ. ಭಾನುವಾರ ಬೆಳಿಗ್ಗೆ ಮಾತ್ರ ರಾಣಿಯನ್ನು ಬೀದಿಯ ತುದಿಯವರೆಗೆ ಕರೆದುಕೊಂಡು ಹೋಗಿ, ವಾಪಸು ತಂದು, ಅಷ್ಟಕ್ಕೇ ಅಂಟಿದ ಧೂಳನ್ನು ಮಧ್ಯಾಹ್ನದವರೆಗೆ ಒರೆಸುತ್ತಿದ್ದೆ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ್ರೆ ಇದೇ," ಎನ್ನುತ್ತಿದ್ದಳು ನನ್ನವಳು. "ಟ್ಯಾಂಕಲ್ಲಿ ಒಂದು ಲೋಟ ಪೆಟ್ರೋಲು, ಮೈಮೇಲೆ ಮೂರು ಡಬ್ಬಿ ಪಾಲಿಶು."

ಇಷ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ರಾಣಿಯ ಎಡಗಣ್ಣು ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಬಲದ ದೀಪ ಮಾತ್ರ ಎದ್ದು ಮಲಗುತ್ತಿತ್ತು. ಒಮ್ಮೆ ನಾನು ಅದನ್ನು ಪರೀಕ್ಷಿಸುತ್ತಿದ್ದಾಗ ಎದುರುಮನೆಯ ನಿವೃತ್ತ ಹೆಡ್‌ಮೇಡಂ ಗೇಟಿನ ಮುಂದೆ ಹಾದುಹೋದರು. ಸಂಜೆ ನನ್ನವಳ ಹತ್ತಿರ ದೂರು ಬಂತು.

"ನೋಡಮ್ಮ, ಹೇಳ್ಬಾರದು ಅಂದ್ಕೊಂಡಿದ್ದೆ. ನಿಮ್ಮ ಯಜಮಾನ್ರ ಕಾರು ನನ್ನ ನೋಡಿ ಕಣ್ಣು ಹೊಡೀತು."

"ಕಾರೇ ಹೊಡೆದಿರ್ಬೇಕು ಬಿಡಿ ಮೇಡಂ," ಎಂದಳಂತೆ ಇವಳು. "ನಮ್ಮ ಯಜಮಾನ್ರಿಗೆ ಅಷ್ಟು ಧೈರ್ಯ ಎಲ್ಲಿದೆ?"

ನಮ್ಮ ಮೆಕ್ಯಾನಿಕ್ಕಿಗೆ ಅವನ ತಾಯ್ತಂದೆ ಇಟ್ಟ ಹೆಸರು ಬೇರೆ. ಊರು ಇಟ್ಟದ್ದು ನಾಳೆಪ್ಪ. ಏನು ಕೇಳಿದರೂ "ನಾಳೆ ಆಗ್ಬಿಡುತ್ತೆ ಸಾರ್" ಎನ್ನುತ್ತಾನೆ. ಕಣ್ಣಿನ ಮೋಟಾರಿನೊಳಗಿನ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರ ಸವೆದಿತ್ತು. ಅದನ್ನು ಜಪಾನಿನಿಂದಲೇ ತರಿಸಿದೆ. ಪೊಟ್ಟಣ ಬಂದ ದಿನ ನಾನು ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದನ್ನು ನೋಡಿ ಅತ್ತೆಯವರು, "ಮೊಮ್ಮಗ ಬಂದ್ನೇನೋ ಅಂದ್ಕೊಂಡೆ," ಎಂದರು. ಹಲವು ನಾಳೆಗಳು ಕಳೆದ ಮೇಲೆ ನಾಳೆಪ್ಪ ಅದನ್ನು ಕೂರಿಸಿದ. ಎರಡೂ ಕಣ್ಣು ಒಟ್ಟಿಗೆ ತೆರೆದವು. ನನ್ನ ಎರಡೂ ಕಣ್ಣು ತುಂಬಿ ಬಂದವು.

ಸರಿಯಾಗಿ ಅದೇ ಹೊತ್ತಿಗೆ ಹಳೆಯ ಕಾರುಗಳ ಸಂಘದವರು ಕೂಟವೊಂದನ್ನು ಏರ್ಪಡಿಸಿದರು. ಊರಾಚೆಯ ಮೈದಾನದಲ್ಲಿ ಪ್ರದರ್ಶನ, ಕೊನೆಗೆ 'ಅತ್ಯುತ್ತಮ ಸಂರಕ್ಷಿತ ಕಾರು' ಎಂಬ ಬಿರುದು. ಈ ಬಿರುದು ನನಗಲ್ಲದೆ ಇನ್ನಾರಿಗೆ? ನಿಯಮ ಒಂದೇ: ಕಾರು ಲಾರಿ ಏರಿ ಬರಬಾರದು, ತನ್ನ ಚಕ್ರದ ಮೇಲೆ ತಾನೇ ಬರಬೇಕು. ಬೀದಿಯ ತುದಿ ದಾಟದ ರಾಣಿಯನ್ನು ಅಷ್ಟು ದೂರ ನಡೆಸುವ ಯೋಚನೆಗೇ ನಾನು ಹಾಳೆ ಪೆನ್ನು ಹಿಡಿದು ದಾರಿಯ ಗುಂಡಿಗಳನ್ನೆಲ್ಲ ಪಟ್ಟಿ ಮಾಡಿದೆ. ಆದರೂ ಒಪ್ಪಿಕೊಂಡೆ.

ಕೂಟದ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹ್ಯಾಟು ಇಟ್ಟುಕೊಂಡು ಸಿದ್ಧನಾದೆ. ಹೊರಡುವ ಮುನ್ನ ಪೆಡಲುಗಳ ಕೆಳಗೆ ಒಂಚೂರು ಧೂಳು ಕಂಡಿತು. ಸೀಟಿನಲ್ಲಿ ಕೂತಲ್ಲೇ ಮಡಚಿಕೊಂಡು ಬಗ್ಗಿದೆ. 'ಕಟಕ್' ಎಂದಿತು.

ಯಾವ ಪಾರ್ಟು ಮುರಿಯಿತೋ! ತಡಕಾಡಿದೆ. ಕಾರಿನ ಪಾರ್ಟುಗಳೆಲ್ಲ ಸರಿಯಾಗಿದ್ದವು. ಸದ್ದು ಬಂದದ್ದು ನನ್ನ ಸೊಂಟದಿಂದ. ಅದೂ ಹಳೆಯ ಮಾಡೆಲ್ಲೇ. ಜಪಾನಿನಲ್ಲಿ ಕೂಡ ಪಾರ್ಟು ಸಿಗುವುದಿಲ್ಲ.

"ರೀ, ಬನ್ನಿ, ಕಾಫಿ ಆರ್ತಿದೆ," ಎಂದು ನನ್ನವಳು ಕೂಗಿದಳು.

"ಬರೋಕೆ ಆಗ್ತಿಲ್ಲ ಕಣೇ."

"ಕಾರೊಳಗೆ ಕೂತ್ರೆ ನಿಮಗೆ ಯಾವತ್ತು ಆಗಿದೆ?"

"ಅಯ್ಯೋ, ನಿಜವಾಗ್ಲೂ ಆಗ್ತಿಲ್ಲ!"

ಅವಳು ಓಡಿ ಬಂದು ಬಗ್ಗಿ ನೋಡಿದಳು. ಮರುಕ್ಷಣ ಅವಳ ಮುಖ ಬದಲಾಯಿತು. ಅದು ಹೆಂಡತಿಯ ಮುಖವಲ್ಲ, ವಾರ್ಡಿನ ಮುಖ. ತೋಳೇರಿಸಿದಳು.

"ಹೆದರ್ಕೋಬೇಡಿ. ನಾನಿದ್ದೀನಿ. ಇದು ಮೊದಲನೇದಾ?"

"ಏನು ಮೊದಲನೇದು?"

"ಸೊಂಟ ಹಿಡ್ಕೊಂಡಿದ್ದು ರೀ! ಸರಿ, ಉಸಿರು ಎಳ್ಕೊಳ್ಳಿ... ನಿಧಾನಕ್ಕೆ ಬಿಡಿ... ಹಾಂ, ಈಗ ತಳ್ಳಿ!"

"ಏನನ್ನ ತಳ್ಳಲೇ?"

"ನಿಮ್ಮನ್ನ ನೀವೇ ತಳ್ಕೊಳ್ಳಿ! ಇನ್ನೊಂದ್ಸಲ... ಆಯ್ತು, ಆಯ್ತು, ಇನ್ನೇನು ಬಂದೇಬಿಟ್ರಿ..."

ಶಾಲು ಹೊದ್ದು ಬಂದ ಅತ್ತೆಯವರು ಮೇಲ್ವಿಚಾರಣೆಗೆ ನಿಂತರು. "ತಲೆ ಮೊದ್ಲು ಬರ್ಲಿ ಕಣೇ. ಕಾಲು ಮುಂದಾದ್ರೆ ಕಷ್ಟ."

ಕಾರನ್ನು ಬೀಳ್ಕೊಡಲು ಬಂದಿದ್ದ ನಾಳೆಪ್ಪ, ಹೆಂಗಸರ ವಿಷಯವೆಂಬಂತೆ ಗೌರವದಿಂದ ಅತ್ತ ತಿರುಗಿ ನಿಂತ. ಕೊನೆಗೂ ನಾನು ತಲೆ ಮುಂದಾಗಿ ಈ ಲೋಕಕ್ಕೆ ಬಂದೆ. "ಗಂಡು," ಎಂದು ಅತ್ತೆಯವರು ಘೋಷಿಸಿದರು. ಹುಟ್ಟಿದ ಮಗು ಅಳಬೇಕಲ್ಲ? ಅತ್ತೆಯ ಮುಂದೆಯೇ ಅತ್ತೆ.

ಅತ್ತದ್ದು ನೋವಿಗಷ್ಟೇ ಅಲ್ಲ. ನೆಟ್ಟಗೆ ನಿಲ್ಲಲಾರದವನು ಅಷ್ಟು ತಗ್ಗಿನ ಸೀಟಿನಲ್ಲಿ ಕೂರುವುದೆಂತು? ಕೂಟ ಕೈಬಿಟ್ಟುಹೋಯಿತು. ಮೆಟ್ಟಿಲ ಮೇಲೆ ಒರಗಿ, ಹೊಳೆಯುತ್ತಿದ್ದ ಕಾರನ್ನು ನೋಡುತ್ತ ಕೂತೆ. ನನ್ನವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು.

"ಕೀ ಕೊಡಿ."

"ಯಾಕೆ?"

"ಎಷ್ಟೋ ಮಕ್ಕಳನ್ನ ಭೂಮಿಗೆ ತಂದಿದ್ದೀನಿ, ಒಂದು ಕಾರನ್ನ ಮೈದಾನಕ್ಕೆ ತಗೊಂಡ್ ಹೋಗೋಕಾಗಲ್ವಾ? ಇಷ್ಟು ದಿನ ಒರೆಸಿದ್ದೀರಿ. ಇವತ್ತು ಹೋಗ್ದಿದ್ರೆ ಈ ಸಪ್ಪೆ ಮುಖಾನ ದಿನಾ ನೋಡ್ಬೇಕಾದವಳು ನಾನು."

ನಾನು ಕೀ ಕೊಟ್ಟೆ. ಜೊತೆಗೆ ಕ್ಲಚ್ಚು ಮೆಲ್ಲಗೆ, ಬ್ರೇಕು ಮೆಲ್ಲಗೆ, ಮೂರನೇ ಗೇರು ದಾಟಬಾರದು ಎಂದು ಬುದ್ಧಿವಾದವನ್ನೂ ಕೊಟ್ಟೆ. ಕೀ ಮಾತ್ರ ತೆಗೆದುಕೊಂಡಳು. ಅಷ್ಟರಲ್ಲಿ ಅತ್ತೆಯವರು ಇನ್ನೊಂದು ಬಾಗಿಲು ತೆರೆದು, ಮೊಣಕಾಲು ನೋವೆಂದು ಮೆಟ್ಟಿಲನ್ನೇ ಹತ್ತದ ಅತ್ತೆಯವರು, ಮೀನು ನೀರಿಗಿಳಿದಂತೆ ಸೀಟಿಗಿಳಿದು ಬೆಲ್ಟು ಹಾಕಿಕೊಂಡಿದ್ದರು.

ನನ್ನನ್ನು ಬೀದಿಯಲ್ಲಿದ್ದ ಬಡ ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿದರು. ನಾಳೆಪ್ಪ ಸಾರಥಿ. ಮಲಗಿದಲ್ಲಿಂದ ನನಗೆ ಕಾಣುತ್ತಿದ್ದದ್ದು ಆಕಾಶ, ವಿದ್ಯುತ್ ತಂತಿ, ಆಗೊಂದು ಈಗೊಂದು ಕಾಗೆ. ಮುಂದಿನ ಸಮಾಚಾರಕ್ಕೆಲ್ಲ ನಾಳೆಪ್ಪನೇ ಗತಿ.

"ಹೇಗೆ ಓಡಿಸ್ತಿದ್ದಾಳೆ?"

"ಸೂಪರ್ ಸಾರ್. ಅಮ್ಮೋರು ಗೇರ್ ಹಾಕೋದು ಬೆಣ್ಣೇಲಿ ಚಾಕು ಆಡಿಸ್ದಂಗಿದೆ."

"ಮೂರನೇ ಗೇರಲ್ಲೇ ಇದ್ದಾಳೆ ತಾನೇ?"

ಮುಂದೆಲ್ಲೋ ರಾಣಿ ಗರ್ಜಿಸಿದ್ದು ಕೇಳಿಸಿತು. ನನ್ನ ಕೈಯಲ್ಲಿ ಗುರುಗುಟ್ಟುತ್ತಿದ್ದ ಕಾರಿಗೆ ಇಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಏನಾಯ್ತೋ?"

"ಅಮ್ಮೋರು ಹೋದ್ರು ಸಾರ್."

"ಹೋದ್ರು ಅಂದ್ರೆ?"

"ಅಂದ್ರೆ... ಈಗ ಕಾಣ್ತಿಲ್ಲ."

"ಹಿಂದೆ ಹೋಗೋ! ಹಿಡಿಯೋ!"

"ಈ ಗಾಡೀಲಾ? ನಾಳೆ ಹಿಡೀಬಹುದು ಸಾರ್."

ಮೈದಾನ ತಲುಪಿದೆವು. ನಾಳೆಪ್ಪನ ಹೆಗಲು ಹಿಡಿದು ಇಳಿದು ಸುತ್ತ ನೋಡಿದೆ. ನೀಲಿ, ಬಿಳಿ, ಹಳದಿ ಕಾರುಗಳು ಸಾಲಾಗಿ ಮಿರಮಿರ ಮಿಂಚುತ್ತಿದ್ದವು. ಕೆಂಪು ಕಾರು ಇರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮೋಡ ಕವಿದು ನಾಲ್ಕು ಹನಿ ಬಿತ್ತು. ಬೇರೆ ದಿನವಾಗಿದ್ದರೆ ಹನಿ ಬಿದ್ದೊಡನೆ ಬಾಡಿ, ತುಕ್ಕು ಎಂದು ಎದೆ ಹೊಡೆದುಕೊಳ್ಳುತ್ತಿದ್ದೆ. ಈಗ ನನ್ನ ಕಣ್ಣ ಮುಂದೆ ಬಂದದ್ದು ಒದ್ದೆ ರಸ್ತೆ, ತಿರುವು, ಆ ಇಬ್ಬರ ಮುಖ. ಕಾರು ಮುರಿದರೆ ನಾಳೆಪ್ಪನಿದ್ದಾನೆ. ಅವಳಿಗೇನಾದರೂ ಆದರೆ ನನಗೆ ಯಾರಿದ್ದಾರೆ? ಗೇಟಿಗೂ ರಸ್ತೆಗೂ ಏಡಿಯಂತೆ ಅಡ್ಡಡ್ಡ ನಡೆದಾಡಿದೆ. ದೇವರೇ, ಬಿರುದು ಬೇಡ, ಬಣ್ಣವೂ ಬೇಡ, ಇಬ್ಬರೂ ಬಂದರೆ ಸಾಕು ಎಂದುಕೊಂಡೆ.

ಬಂದರು. ಎರಡೂ ಕಣ್ಣು ತೆರೆದುಕೊಂಡು, ಬಾಗಿಲವರೆಗೆ ಕೆಸರು ಮೆತ್ತಿಕೊಂಡು, ಕಿಟಕಿಗಳನ್ನು ಪೂರ್ತಿ ಇಳಿಸಿಕೊಂಡು ಬಂದರು. ಒಳಗೆ ಇಬ್ಬರ ಕೈಯಲ್ಲೂ ಸುಟ್ಟ ಜೋಳದ ತೆನೆ!

"ಎಲ್ಲಿ ಹೋಗಿದ್ರಿ?" ಎಂದೆ. ಗದರಬೇಕೆಂದುಕೊಂಡ ದನಿ ನಡುಗಿತು.

"ಗುಡ್ಡದ ರಸ್ತೆ ಸುತ್ಕೊಂಡ್ ಬಂದ್ವಿ. ಅಮ್ಮ ಬಿಡ್ಲೇ ಇಲ್ಲ, 'ಇನ್ನೂ ಒತ್ತೇ, ಇನ್ನೂ ಒತ್ತೇ' ಅಂತ," ಎಂದು ನನ್ನವಳು ನಕ್ಕಳು. ಕೂದಲು ಕೆದರಿತ್ತು, ಕೆನ್ನೆ ಕೆಂಪೇರಿತ್ತು, ಹಲ್ಲಿನಲ್ಲಿ ಜೋಳದ ಸಿಪ್ಪೆ. ಅವಳು ಹೀಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಸೀಟಿನ ತುಂಬ ಬಿದ್ದಿದ್ದ ಕಾಳುಗಳ ಬಗ್ಗೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

"ಸೊಂಟ ಹೇಗಿದೆ?" ಎಂದಳು, ಇಳಿದು ಬಂದು ನನ್ನ ತೋಳು ಹಿಡಿದು.

"ಇದೆ," ಎಂದೆ.

ತೀರ್ಪುಗಾರರು ಬಂದರು. ಬಿಳಿ ಗಡ್ಡದ ಹಿರಿಯರೊಬ್ಬರು ಕೆಸರನ್ನೂ ಜೋಳವನ್ನೂ ನೋಡಿ ಹುಬ್ಬೇರಿಸಿ, ಒಳಗೆ ಕೂತಿದ್ದ ಅತ್ತೆಯವರತ್ತ ಬಗ್ಗಿ ಕೇಳಿದರು: "ಇಷ್ಟು ವರ್ಷದಿಂದ ಇಷ್ಟು ಚೆನ್ನಾಗಿ ಹೇಗಮ್ಮಾ ಕಾಪಾಡ್ಕೊಂಡ್ ಬಂದ್ರಿ?"

ಅತ್ತೆಯವರು ಪ್ರಶ್ನೆ ತಮ್ಮ ಬಗ್ಗೆಯೇ ಎಂದುಕೊಂಡರು. ಶಾಲು ಸರಿಪಡಿಸಿಕೊಂಡು ನಾಚಿಕೆಯಿಂದ, "ಅಂಥದ್ದೇನಿಲ್ಲಪ್ಪ. ಬೆಳಿಗ್ಗೆ ಎದ್ದು ಬಿಸಿನೀರು, ಹೊಟ್ಟೆ ತುಂಬ ಊಟ, ಬೇಗ ನಿದ್ದೆ. ಮತ್ತೆ ಅಳಿಯನ ಮಾತನ್ನ ತಲೆಗೆ ಹಚ್ಕೋಬಾರದು," ಎಂದರು.

ಮೈದಾನವೇ ನಕ್ಕಿತು. ಬಿರುದು ಯಾವುದೋ ಹಳದಿ ಕಾರಿಗೆ ಹೋಯಿತು. ಆದರೆ ಹೊಗಳಿಕೆ, ಚಪ್ಪಾಳೆ, ಫೋಟೋ ಎಲ್ಲವೂ ನಮ್ಮ ಕಾರಿನ ಸುತ್ತಲೇ. ಹಳದಿ ಕಾರಿನ ಮಾಲೀಕನೂ ಅತ್ತೆಯವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಫೋಟೋಗೆ ನನ್ನನ್ನೂ ಕರೆದರು, ಸುಳ್ಳು ಹೇಳಬಾರದು. ಆದರೆ ನೆಟ್ಟಗೆ ನಿಲ್ಲಲಾಗದೆ ನಾನು ಕಾರಿನ ಹಿಂದೆ ಬಗ್ಗಿದ್ದೆ; ಬಗ್ಗಿದಲ್ಲೇ ಕೈ ಕೆಸರು ಒರೆಸುತ್ತಿತ್ತು.

ಈಗ ಸೊಂಟ ಸರಿಹೋಗಿದೆ, ಆದರೆ ತಗ್ಗಿನ ಸೀಟು ಕೂಡದೆಂದು ವೈದ್ಯಾಜ್ಞೆಯಾಗಿದೆ. (ವೈದ್ಯರು ನನ್ನವಳ ಆಸ್ಪತ್ರೆಯವರೇ. ನನಗೆ ಅನುಮಾನವಿದೆ, ಪುರಾವೆ ಇಲ್ಲ.) ರಜೆ ಸಿಕ್ಕಿದ ದಿನ ತಾಯಿ ಮಗಳು ಎಲ್ಲಿಗಾದರೂ ಹೊರಟುಬಿಡುತ್ತಾರೆ.

ಮೊನ್ನೆ ಅವರು ಹೋದ ಮೇಲೆ ಫೋನು ಬಂತು. ಕಾರು ಸಂಘದ ಅಧ್ಯಕ್ಷರು.

"ಮೇಡಂ ಇದ್ದಾರಾ? ಮುಂದಿನ ತಿಂಗಳ ಪ್ರವಾಸಕ್ಕೆ ಅವರದ್ದೇ ಮುಂದಾಳತ್ವ ಅಂತ ಎಲ್ರೂ ಒಪ್ಪಿದ್ದಾರೆ. ಅವರ ತಾಯಿನೂ ಬರ್ಲೇಬೇಕು."

"ಮನೇಲಿಲ್ಲ. ನನ್ನ ಹತ್ರ ಹೇಳ್ಬಹುದು."

"ನೀವು ಯಾರು ಮಾತಾಡ್ತಿರೋದು?"

"ನಾನು ಕಾರಿನ ಮಾಲೀಕ," ಎಂದೆ, ಗಂಟಲು ಸರಿಪಡಿಸಿಕೊಂಡು.

ಆ ಕಡೆ ಫೋನಿಗೆ ಕೈ ಅಡ್ಡ ಹಿಡಿದ ಸದ್ದಾಯಿತು. ಆಮೇಲೆ ಹಿಂದಿದ್ದವರಿಗೆ ಹೇಳಿದ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: "ಏ, ಆ ಮನೇಲಿ ಕಾರು ತೊಳೆಯೋ ಬಗ್ಗಿದ ಮನುಷ್ಯ ಇದ್ದಾನಲ್ಲ, ಅವನು ತಾನೇ ಮಾಲೀಕ ಅಂತಿದ್ದಾನೆ!"

ಜಗಳವಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಗೇಟಿನ ಹೊರಗೆ ರಾಣಿಯ ಗರ್ಜನೆ, ಹಿಂದೆಯೇ ನನ್ನವಳ ದನಿ: "ರೀ, ಕೆರೆ ಏರಿ ಮೇಲೆ ಬಂದ್ವಿ, ಸಿಕ್ಕಾಪಟ್ಟೆ ಕೆಸರಾಗಿದೆ!"

"ಸ್ವಲ್ಪ ಇರಿ ಸಾರ್, ಮೇಡಂ ಬಂದ್ರು," ಎಂದು ಫೋನನ್ನು ಮೇಜಿನ ಮೇಲಿಟ್ಟು, ಬಕೆಟ್ಟು ಹುಡುಕಲು ಹೊರಟೆ.