ಅಜ್ಜಿಗೆ ಬರೆದುಕೊಟ್ಟ ಕೋಣೆ

ಒಂದನೇ ತರಗತಿಯ ಮೇಷ್ಟ್ರು ಮಕ್ಕಳಿಗೆ ಮನೆಗಳ ಚಿತ್ರಪುಸ್ತಕ ಓದಿ ಹೇಳಿದ್ದೇ ತಪ್ಪಾಯಿತು. ಮಣ್ಣಿನ ಮನೆ, ಗಾಜಿನ ಮನೆ, ದೋಣಿ ಮೇಲಿನ ಮನೆ ಎಲ್ಲ ತೋರಿಸಿದ ಮೇಲೆ, ಅದೇ ಹುಮ್ಮಸ್ಸಿನಲ್ಲಿ, ಈಗ ನಿಮ್ಮ ನಿಮ್ಮ ಮನೆ ಬರೆಯಿರಿ, ಮನೆಯವರು ಯಾರ್‍ಯಾರು ಎಲ್ಲಿ ಮಲಗುತ್ತಾರೆ ಅನ್ನೋದನ್ನೂ ತೋರಿಸಿ ಎಂದುಬಿಟ್ಟರು.

ಮಕ್ಕಳು ತೋರಿಸಿದರು. ವಕೀಲರ ಮಗ ಹಾಲ್ ಮಧ್ಯೆ ದಪ್ಪ ಗೆರೆ ಎಳೆದು ಅಪ್ಪನನ್ನು ಈಚೆ, ಅಮ್ಮನನ್ನು ಆಚೆ ಮಲಗಿಸಿದ. ಊರಿನ ಅರ್ಧ ಕಟ್ಟಡಗಳನ್ನು ಕಟ್ಟಿಸಿದ ಕಂಟ್ರಾಕ್ಟರ ಮಗಳು ಅಜ್ಜಿಯನ್ನು ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಪಕ್ಕ, ಮಡಚಿಟ್ಟ ಛತ್ರಿಯ ಹಾಗೆ ಬರೆದಳು. ಹೆಡ್ ಮೇಡಂ ಒಂದನ್ನೂ ಸರಿಯಾಗಿ ನೋಡದೆ ಎಲ್ಲವನ್ನೂ ಗೋಡೆಗೆ ಅಂಟಿಸಿದರು. ಅವತ್ತೇ ಮಧ್ಯಾಹ್ನ ಪೋಷಕರ ಸಭೆ.

ಬಂದವರು ಮಕ್ಕಳ ಓದು ವಿಚಾರಿಸಲಿಲ್ಲ; ಬೇರೆಯವರ ಮನೆಗಳನ್ನು ಸಾವಕಾಶವಾಗಿ ನೋಡುತ್ತ ನಿಂತರು. ಆ ಗೆರೆ ಕಾರ್ಪೆಟ್ಟಿನ ಅಂಚು ಎಂದು ವಕೀಲರು ಯಾರೂ ಕೇಳದಿದ್ದರೂ ವಾದಿಸಿದರು. ಶಾಲೆಯ ಮಾನ ಕಳೆದಿರಿ, ಮೊದಲು ಅವನ್ನು ತಿದ್ದಿ ಎಂದು ಹೆಡ್ ಮೇಡಂ ಮೇಷ್ಟ್ರಿಗೆ ಹಲ್ಲು ಕಚ್ಚಿ ಹೇಳಿದರು. ಮೇಷ್ಟ್ರು ಬಣ್ಣದ ಕಡ್ಡಿ ಹಿಡಿದು ಗೆರೆಯನ್ನು ಹೂಕುಂಡಗಳ ಸಾಲು ಮಾಡಿದರು.

ಅಷ್ಟರಲ್ಲಿ ಕಂಟ್ರಾಕ್ಟರು ಅವರ ಹೆಗಲ ಮೇಲೆ ಕೈಯಿಟ್ಟರು. "ನಮ್ಮಮ್ಮನ್ನ ಒಂದು ಒಳ್ಳೆ ಜಾಗದಲ್ಲಿ ಕೂರಿಸಿಬಿಡಿ ಮೇಷ್ಟ್ರೇ. ಕಿಟಕಿ ಗಿಟಕಿ ಇರ್ಲಿ. ಚಿತ್ರ ತಾನೇ."

ಅವರ ಮಾತು ಮೀರುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ. ಅಜ್ಜಿಯನ್ನು ಮಹಡಿಯ ಕೋಣೆಗೆ ಸಾಗಿಸಿ, ಮಂಚ ಹಾಕಿ, ಎರಡು ಕಿಟಕಿ ಕೊಟ್ಟರು.

ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಇದು ಯಾರು ಎಂದು ಕೇಳಿದರು.

"ನೀನೇ ಅಮ್ಮ. ಆ ಕೋಣೆ ನಿಂದೇ ಅಲ್ವಾ" ಎಂದರು ಮಗ, ನಾಲ್ಕು ಜನಕ್ಕೆ ಕೇಳುವ ಹಾಗೆ. ಎಲ್ಲರೂ ಮೆಚ್ಚಿ ತಲೆದೂಗಿದರು. ಅಜ್ಜಿ ಚಿತ್ರವನ್ನು ಗೋಡೆಯಿಂದ ಬಿಡಿಸಿ ಚೀಲಕ್ಕೆ ಹಾಕಿಕೊಂಡು ನಡೆದರು.

ಸಂಜೆ ಮೇಷ್ಟ್ರು ಸೋತು ಮನೆ ಸೇರಿದಾಗ ಅವರ ಹಾಸಿಗೆ, ಸ್ಟವ್, ಪುಸ್ತಕದ ಪೆಟ್ಟಿಗೆ ಎಲ್ಲ ಗೇಟಿನ ಬಳಿ ಒಪ್ಪವಾಗಿ ಜೋಡಿಸಿಟ್ಟಿತ್ತು. ಪಕ್ಕದಲ್ಲಿ ಕಂಟ್ರಾಕ್ಟರು ನೆಲ ನೋಡುತ್ತ ನಿಂತಿದ್ದರು. ಅವರ ಮಹಡಿ ಮೇಲೆ ಇದ್ದದ್ದು ಒಂದೇ ಕೋಣೆ. ಅದರಲ್ಲಿ ವರ್ಷಗಳಿಂದ ಬಾಡಿಗೆಗಿದ್ದವರು ಮೇಷ್ಟ್ರೇ.

ಅಜ್ಜಿ ಮೇಲಿನ ಕಿಟಕಿಯಿಂದ ಬಗ್ಗಿ, ಗಾಳಿ ಚೆನ್ನಾಗಿ ಬರುತ್ತೆ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು. ಗೇಟಿನ ಬಳಿ ಮೊಮ್ಮಗಳು ಹೊಸ ಹಾಳೆ ಹಾಸಿಕೊಂಡು ಕೂತಿದ್ದಳು.

"ಮೇಷ್ಟ್ರೇ, ಈಗ ನಿಮ್ಮನ್ನ ಎಲ್ಲಿ ಬರೀಲಿ?"